ಕಾಲೇಜಿಗೆ ಕಳಿಸಿದ್ವಿ ಖರೆ, ದೀಪಾವಳಿಗೆ ಬಂದವರು ಹೊಳ್ಳಿ ಹೋಗಲಿಲ್ಲ

ಇಂಡಿ ರಸ್ತೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ್ರಿ. ಇಂಡಿ ತಾಲ್ಲೂಕಿನ ಒಂದು ಸಣ್ಣ ಊರಾಗ ನಾವು ಏಳೆಂಟು ಮಂದಿ ಕೂಡಿ ಸಂಜಿ ಓದಿನ ವರ್ಗ ನಡೆಸ್ತೀವಿ. ಯುವಕ ಸಂಘ ಅಂತ ಹೆಸರೈತಿ, ರಬ್ಬರ್ ಸ್ಟ್ಯಾಂಪೂ ಐತಿ. ಮೊದಲು ಗಣಪತಿ ಕೂಡಿಸೂದು, ಕಬಡ್ಡಿ ಆಡಿಸೂದು ಬಿಟ್ರ ಬ್ಯಾರೆ ಏನೂ ಮಾಡದ ಸಂಘ. 2020ರಾಗ ಸಾಲಿ ಮುಚ್ಚಿದಾಗ ಮಕ್ಕಳು ನಿಂಬಿ ತೋಟಕ್ಕ ಕೂಲಿ ಹೋಗೂದು ನೋಡಲಾರದ ಶುರು ಮಾಡಿದ್ದು, ನಿಲ್ಲಿಸಲಿಲ್ಲ. ಪಂಚಾಯ್ತಿ ಗ್ರಂಥಾಲಯಕ್ಕ ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲೇ ಸಂಜಿ 6ರಿಂದ 9. ಕರೆಂಟ್ ಹೋದ್ರ ಚಾರ್ಜಿಂಗ್ ಬಲ್ಬ್.

ಹತ್ತನೇತ್ತ, ಪಿಯುಸಿ ಪಾಸಾಗೂದು ಸುಧಾರಿಸ್ತು. ಅದರಾಗ ತಕರಾರಿಲ್ಲ. ಹೋದ ವರ್ಷ ನಮ್ಮ ವರ್ಗದ 11 ಮಕ್ಕಳು ಕಾಲೇಜ್ ಸೇರಿದ್ರು. ಇಬ್ರು ಇಂಜಿನಿಯರಿಂಗ್, ಒಬ್ಬಾಕಿ ನರ್ಸಿಂಗ್, ಉಳಿದವರು ಬಿಎಸ್ಸಿ, ಬಿಕಾಂ, ಬಿಎ. ಅಗಸಿ ಮುಂದ ದೊಡ್ಡ ಬ್ಯಾನರ್ ಕಟ್ಟಿದ್ವಿ. ಪ್ರತಿಭಾ ಪುರಸ್ಕಾರ ಇಟ್ವಿ, ಮುಖಂಡರು ಬಂದು ಶಾಲು ಹೊದಿಸಿದ್ರು, ಭಾಷಣ ಆದ್ವು, ಸಜ್ಜಕದ ಊಟ ಆತು.

ದೀಪಾವಳಿಗೆ ಎಲ್ಲಾರೂ ಊರಿಗೆ ಬಂದ್ರು. ಅದರಾಗ 4 ಮಂದಿ ಹೊಳ್ಳಿ ಹೋಗಲಿಲ್ಲ. ಒಬ್ಬ ಈಗ ಪುಣೇದಾಗ ಸೆಕ್ಯುರಿಟಿ ಕೆಲಸಕ್ಕದಾನ. ಒಬ್ಬಾಕಿಗೆ ಲಗ್ನ ಗೊತ್ತಾಗೇತಿ. ಇನ್ನಿಬ್ರು ಕೇಳಿದ್ರ "ಮುಂದಿನ ವರ್ಷ ನೋಡೂಣಣ್ಣ" ಅಂತಾರ. ಬ್ಯಾನರ್ ಇನ್ನೂ ಅಲ್ಲೇ ಐತಿ, ಬಿಸಿಲಿಗೆ ಮುಖ ಅಳಿಸ್ಯಾವ. ದಿನಾ ಅದರ ತಳಗ ಹಾದು ಹೋಗೂದು ನಂಗ ಆಗವಲ್ದು.

ಇಂಥಾ ಕೆಲಸ ಮಾಡೋರು ಇಲ್ಲಿ ಭಾಳ ಮಂದಿ ಅದೀರಿ. ನಾವು ತಪ್ಪಿದ್ದು ಎಲ್ಲಿ?

ಸೈಬರ್ ಅಂಗಡಿ, ಸಿಂದಗಿ

ಅಣ್ಣಾರ, ನಾ ಝೆರಾಕ್ಸ್-ಸೈಬರ್ ಇಟ್ಟಾಂವ. ಮಕ್ಕಳು ಎಲ್ಲಿ ಬೀಳ್ತಾರ ಅನ್ನೂದು ಮಾಸ್ತರಿಗಿಂತ ನಂಗ ಗೊತ್ತು. ಓದಿನ್ಯಾಗ ಬೀಳಂಗಿಲ್ಲ, ಕಾಗದದಾಗ ಬೀಳ್ತಾರ.

ಒಂದು ಖರೆ ಸಂಗ್ತಿ ಹೇಳ್ತೀನಿ. ಸಿಇಟಿ ಸೀಟ್ ಹಂಚಿಕಿ ಆದ ಮ್ಯಾಲ ನಾಲ್ಕು ಚಾಯ್ಸ್ ಕೇಳ್ತಾರ. ಒಂದು ಒತ್ತಿದ್ರ ಸಿಕ್ಕದ್ದು ಸಾಕು, ಸೇರ್ತೀನಿ ಅಂತ. ಎರಡು ಅಂದ್ರ ಇದು ಇರಲಿ, ಆದ್ರ ಮ್ಯಾಲಿಂದು ಸಿಕ್ರ ಅದು ಕೊಡ್ರಿ. ಮೂರು ಅಂದ್ರ ಇದು ಬ್ಯಾಡ, ಮುಂದಿನ ಸುತ್ತಿಗೆ ನಿಲ್ತೀನಿ. ನಾಲ್ಕು ಅಂದ್ರ ನಂಗ ಏನೂ ಬ್ಯಾಡ, ಹೊರಗ ಹೊಂಟೆ. ಒಬ್ಬ ಹುಡುಗ, ಕುರಿ ಕಾಯೋರ ಮಗ, ಅವಂಗ ತಾ ಬರೆದ ಪಟ್ಟಿಯೊಳಗ ಮೂರನೇ ನಂಬರಿನ ಕಾಲೇಜ್ ಸಿಕ್ತು. ಚಲೋ ಕಾಲೇಜ್. ಖುಷಿಲೆ ಬ್ಯಾರೆ ಒಂದು ಅಂಗಡ್ಯಾಗ ಕುಂತು ಚಾಯ್ಸ್ ಮೂರು ಒತ್ಯಾನ. ಯಾಕಪ್ಪಾ ಅಂದ್ರ "ನಂಗ ಮೂರನೇದಲ್ರೀ ಸಿಕ್ಕಿದ್ದು?" ಅಂದ. ಸಿಕ್ಕ ಸೀಟ್ ತಾನೇ ಕೈಯಾರೆ ಬಿಟ್ಟಾನ. ಮುಂದಿನ ಸುತ್ತಿನ್ಯಾಗ ಏನೂ ಬರಲಿಲ್ಲ. ಅಂಗಡಿಯವನೂ ನೋಡಲಿಲ್ಲ, ಅವನ ಮುಂದ ಮೂವತ್ತು ಮಂದಿ ಸಾಲಿತ್ತು. ಆ ವ್ಯಾಳ್ಯಾದಾಗ ಬಾಜೂಕ ಒಬ್ಬ ಗೊತ್ತಿದ್ದಾಂವ ನಿಂತಿದ್ರ ಸಾಕಿತ್ತು, ಬರೇ ಐದು ನಿಮಿಷ.

ಇನ್ನ ಸ್ಕಾಲರ್‌ಶಿಪ್. ಎಸ್‌ಎಸ್‌ಪಿ ಅಂತ ಸರಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಐತಲ್ಲ, ಅದರಾಗ ಅರ್ಜಿ ಹಾಕ್ಯಾರ, ಮಂಜೂರೂ ಆಗೇತಿ, ರೊಕ್ಕ ಬಂದಿಲ್ಲ ಅಂತ ಅಳಕೋತ ಬರ್ತಾರ. ನೋಡಿದ್ರ ಅಂಕಪಟ್ಟಿಯೊಳಗ ಅಪ್ಪನ ಹೆಸರು ಹಿಡದು ಪೂರ್ತಿ ಐತಿ, ಆಧಾರದಾಗ ಬರೇ ಇನಿಷಿಯಲ್. ಇಲ್ಲಾಂದ್ರ ಖಾತೆ ಆಧಾರಿಗೆ ಜೋಡಿಸಿಲ್ಲ. ಇಲ್ಲಾಂದ್ರ ಎಂದೋ ಫೋನ್ ಅಂಗಡ್ಯಾಗ ಹೆಬ್ಬಟ್ಟು ಒತ್ತಿ ತಗದ ಖಾತೆಗೆ ರೊಕ್ಕ ಹೋಗಿ ಕುಂತಿರ್ತೈತಿ, ಹುಡುಗಗ ಆ ಖಾತೆ ಇರೂದೇ ಗೊತ್ತಿರಂಗಿಲ್ಲ. ನಿಮ್ಮ ನಾಲ್ಕು ಮಂದಿಗೆ ಒಮ್ಮೆ ಕೇಳ್ರಿ, ಅದರಾಗ ಇಬ್ಬರದರ ಇದೇ ಕತಿ ಇರ್ತೈತಿ.

ರಿಟೈರ್ ಹೆಡ್‌ಮಾಸ್ತರ

ತಮ್ಮಾ, ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ. ಆದರೆ ಹತ್ತನೆಯ ತರಗತಿಯಲ್ಲಿ ಶುರು ಮಾಡಿದರೆ ತಡವಾಯಿತು. ಎಂಟನೆಯದರಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರ ಸರಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿರಿ. ಪಾಲಕರ ಆದಾಯ ಮೂರೂವರೆ ಲಕ್ಷದ ಒಳಗಿದ್ದ ಸರಕಾರಿ ಸಾಲಿಯ ಮಗು ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಈ ರೊಕ್ಕದ ಮೇಲೆಯೇ ಎರಡು ಹುಡುಗಿಯರ ಪಿಯುಸಿ ಮುಗಿಯಿತು. ಮನೆಯಲ್ಲಿ "ಇಕಿ ಸಾಲಿಗೆ ಹೋದ್ರ ಖರ್ಚು" ಎನ್ನುವ ಮಾತೇ ನಿಂತುಹೋಯಿತು.

ಎರಡನೆಯದು, ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮ ಶೇ 5. ಮೊದಲನೆಯದಕ್ಕೆ ಹಳ್ಳಿಯ ಸಾಲಿಯಲ್ಲಿ, ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಒಂಬತ್ತು ವರ್ಷ ಎಂದರೆ ಇಲ್ಲವೇ ಇಲ್ಲ. ವ್ಯಾಸಂಗ ಪ್ರಮಾಣಪತ್ರವನ್ನು ಬಿಇಒ ಆಫೀಸಿನ ಸಹಿಯೊಂದಿಗೆ ರಜೆಯಲ್ಲೇ ಮಾಡಿಸಿ ಇಡಿರಿ. ಜೂನ್ ತಿಂಗಳಲ್ಲಿ ಓಡಾಡಿದರೆ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ.

ಇನ್ನೊಂದು ಮಾತು, ನಿಮ್ಮಂಥವರಿಗೆ ಹೇಳಲೇಬೇಕು. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳೇ ಮಂದಿ. ನಮ್ಮ ವಿಜಯಪುರದ ಬಿಎಲ್‌ಡಿಇ 1910ರದು, ವಚನದ ತಾಳೆಗರಿ ಹುಡುಕುತ್ತ ಸೈಕಲ್ ತುಳಿದ ಫ.ಗು. ಹಳಕಟ್ಟಿಯವರ ಕೈಯಿಂದ ಆದದ್ದು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906. ಇವೆಲ್ಲ ಶುರುವಾದಾಗ ನಿಮ್ಮ ಸಂಘದ ಹಾಗೆಯೇ ಇದ್ದವು.

ಬಿಸಿಲೂರ ಮಂದಿ

ಮಾಸ್ತರ ಸರ, ಆವಾಗ ಸಂಘದಾಗ ಇದ್ದೋರು ಮನಿ ಮಾರಿ ಸಾಲಿ ಕಟ್ಟಿದ್ರು. ಈಗಿನ ಸಂಘದಾಗ ಇದ್ದೋರು ಸಾಲಿ ಹೆಸರ್ಲೆ ಮನಿ ಕಟ್ಟಾಕತ್ತಾರ. ಇಂಡಿ ರಸ್ತೆಯವರಿಗೆ ಅನ್ನಾಕತ್ತಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮೂರಾಗೂ ಒಂದು "ಯುವ ಶಕ್ತಿ" ಇತ್ತು. ಎರಡು ವರ್ಷ ಟ್ಯೂಷನ್ ಹೇಳಿದ್ರು, ಮೂರನೇ ವರ್ಷ ಪಂಚಾಯ್ತಿ ಇಲೆಕ್ಷನ್ನಿಗೆ ಮೂರು ಮಂದಿ ನಿಂತ್ರು. ಟ್ಯೂಷನ್ ಬಂದ್.

ಇನ್ನ ಮೀಸಲಾತಿ ಬಗ್ಗೆ ಹೇಳಿದ್ರಿ. ಭೀಮಾ ಹೊಳಿ ದಾಟಿದ್ರ ಅಫಜಲಪುರ, ಅಲ್ಲಿ ಹುಡುಗಗ 371ಜೆ ಐತಿ, ಅಂದ್ರ ಕಲ್ಯಾಣ ಕರ್ನಾಟಕದ ಜಿಲ್ಲಾದವರಿಗೆ ಇರೂ ಬ್ಯಾರೆ ಮೀಸಲಾತಿ. ಈ ದಂಡಿಗೆ ನಮ್ಮ ಹುಡುಗಗ ಇಲ್ಲ. ಅದೇ ಬಿಸಿಲು, ಅದೇ ಜ್ವಾಳ, ಅದೇ ಬರ. ಮಜಾ ಏನಂದ್ರ ವಿಜಯಪುರ ಜಿಲ್ಲಾದಾಗ ಓಡೂ ಬಸ್ ಮಾತ್ರ ಕಲ್ಯಾಣ ಕರ್ನಾಟಕ ಸಾರಿಗೆದು! ಬಸ್ಸಿನ ಮೈಮ್ಯಾಲ ಕಲ್ಯಾಣ ಐತಿ, ಒಳಗ ಕುಂತೋರಿಗೆ ಇಲ್ಲ. ಇದನ್ನ ಸರಿ ಮಾಡಸೂದು ಬಿಟ್ಟು ಸಂಜಿ ವರ್ಗ ಅಂತೀರಿ.

ಸೈಬರ್ ಅಂಗಡಿ, ಸಿಂದಗಿ

ಬಸ್ಸಿನ ಮಾತು ಖರೆ ಬಿಡ್ರಿ 😄 ಆದ್ರ ಕಾಯ್ದೆ ಬದಲಾಗೂತನ ಈ ವರ್ಷದ ಹುಡುಗ ಕಾಯಬೇಕೇನು?

ತಾಂಡಾದ ಹುಡುಗಿ

ನಾ ಬಸವನ ಬಾಗೇವಾಡಿ ಕಡೆ ತಾಂಡಾದಾಕಿ. ಈಗ ಬಿಸಿಎ ಕಡೀ ವರ್ಷ, ವಿಜಯಪುರದಾಗ. ಇಂಡಿ ರಸ್ತೆ ಅಣ್ಣನ ಪ್ರಶ್ನೆಗೆ ನಾ ಉತ್ತರ ಹೇಳಬಲ್ಲೆ ಅನಸ್ತೈತಿ, ಯಾಕಂದ್ರ ನಾನೂ ದೀಪಾವಳಿಗೆ ಬಂದು ಹೊಳ್ಳಿ ಹೋಗಬಾರ್ದಂತ ಕುಂತಾಕಿ.

ನಮ್ಮಪ್ಪ ಅವ್ವ ವರ್ಷದಾಗ ಆರು ತಿಂಗಳು ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ ಹೋಗ್ತಾರ. ನಾ ಅಜ್ಜಿ ಕೂಡ ಇರ್ತಿದ್ದೆ. ಹತ್ತನೇತ್ತಿನ್ಯಾಗ ನಮ್ಮ ತಾಂಡಾಕ್ಕ ಬಂದು ಹೇಳಿಕೊಡ್ತಿದ್ದ ಒಬ್ಬ ಅಕ್ಕ ಇದ್ಲು, ಆಕಿನೇ ನನ್ನ ಕಾಲೇಜ್ ಫಾರ್ಮ್ ತುಂಬಿದ್ದು. ಕಾಲೇಜ್ ಸಿಕ್ತು, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಅರ್ಜಿ ಹಾಕಿದ್ವಿ. ಆದ್ರ ಕ್ಲಾಸ್ ಶುರುವಾದ ಮ್ಯಾಲ ಹಾಸ್ಟೆಲ್ ಲಿಸ್ಟ್ ಬರಾಕ ಎರಡು ತಿಂಗಳು ಹಿಡೀತು. ಆ ಎರಡು ತಿಂಗಳು ದಿನಾ ಊರಿಂದ ಬಸ್. ಶಕ್ತಿ ಯೋಜನಾ ಇರೂದ್ರಿಂದ ಟಿಕೆಟ್ ರೊಕ್ಕ ಇಲ್ಲ, ಅದು ದೊಡ್ಡ ಉಪಕಾರ. ಆದ್ರ ಮುಂಜಾನಿ ಬಸ್ ತುಂಬಿ ಬಂದ್ರ ತಾಂಡಾ ಸ್ಟಾಪಿಗೆ ನಿಲ್ಲಸ್ತಿದ್ದಿಲ್ಲ. ಮೊದಲ ಪಿರಿಯಡ್ ಯಾವಾಗಲೂ ತಪ್ತಿತ್ತು.

ಇದೆಲ್ಲ ತಡ್ಕೋಬಹುದಿತ್ತು. ತಡ್ಕೊಳ್ಳಾಕ ಆಗಲಾರದ್ದು ಬ್ಯಾರೆ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನ್ಯಾಗ ಮೇಡಂ "ಫೈಂಡ್ ದಿ ಮೀನ್" ಅಂದ್ರು. ನಾ ನೋಟಿನ್ಯಾಗ ಕನ್ನಡದಾಗ "ಮೀನ್" ಅಂತ ಬರದೆ. ಬಾಜೂ ಕುಂತಾಕಿ ನೋಡಿ ನಕ್ಕಳು. ಆಮ್ಯಾಲ ಇಡೀ ಬೆಂಚು ನಕ್ತು. ನಾಲ್ಕು ದಿನ ನನ್ನ ಮೀನು ಅಂತ ಕರದ್ರು. ಮೇಡಂ ಬೋರ್ಡಿನ ಮ್ಯಾಲ ಎಲ್ಲಾ ಕೂಡಿಸಿ, ಎಷ್ಟದಾವ ಅಷ್ಟರಿಂದ ಭಾಗಿಸಿದಾಗ ನಂಗ ತಿಳೀತು, ಇದು ಸರಾಸರಿ. ಸರಾಸರಿ ನಂಗ ಏಳನೇತ್ತಿನಿಂದ ಬರ್ತಿತ್ರೀ! ನಂಗ ಲೆಕ್ಕ ಬರ್ತಿತ್ತು, ಅದರ ಹೆಸರು ಬರ್ತಿದ್ದಿಲ್ಲ. ಆದ್ರ ಅಷ್ಟೊತ್ತಿಗೆ ನಾ ದಡ್ಡಿ ಅಂತ ನಾನೇ ನಂಬಿಬಿಟ್ಟಿದ್ದೆ.

ದೀಪಾವಳಿಗೆ ಊರಿಗೆ ಬಂದಾಕಿ ಚೀಲ ತುಂಬಲಿಲ್ಲ. ಅಜ್ಜಿ ಕೇಳಲಿಲ್ಲ. ಆ ಅಕ್ಕಗ ಯಾರು ಹೇಳಿದ್ರೋ, ಮೂರು ದಿನಕ್ಕ ಬಂದ್ಲು. ಬೈಲಿಲ್ಲ, ಉಪದೇಶನೂ ಮಾಡಲಿಲ್ಲ. ನನ್ನ ನೋಟ್‌ಬುಕ್ ತಗದು ನೋಡಿದ್ಲು. ಬಾಜೂಕ ಕುಂತು ಒಂದೊಂದು ಇಂಗ್ಲಿಷ್ ಮಾತಿನ ಎದುರಿಗೆ ಪೆನ್ಸಿಲ್ಲಿಲೆ ಕನ್ನಡ ಬರದ್ಲು. ಮೀನ್ ಸರಾಸರಿ, ಮೀಡಿಯನ್ ಮಧ್ಯಾಂಕ, ಮೋಡ್ ಬಹುಲಕ, ಸೆಟ್ ಗಣ, ಮ್ಯಾಟ್ರಿಕ್ಸ್ ಮಾತೃಕೆ. ಎರಡು ತಾಸಿನ್ಯಾಗ ನಾಲ್ಕು ಹಾಳಿ ತುಂಬಿದ್ವು. ಅರ್ಧಕ್ಕರ್ಧ ನಂಗ ಗೊತ್ತಿದ್ದದ್ದೇ ಇತ್ತು. ಮರುದಿನ ಬಸ್ ಹತ್ತಿದೆ.

ಅಣ್ಣಾ, ನೀವು ಶಾಲು ಹೊದಿಸಿದ್ದು ಜೂನ್-ಜುಲೈದಾಗ. ನಿಮ್ಮ ಅಗತ್ಯ ಬಿದ್ದದ್ದು ಸೆಪ್ಟೆಂಬರದಾಗ. ಆವಾಗ ನೀವು ಎಲ್ಲಿದ್ರಿ?

ಇಂಡಿ ರಸ್ತೆ

ತಂಗೀ, ಓದಿ ಸ್ವಲ್ಪ ಹೊತ್ತು ಸುಮ್ನ ಕುಂತೆ. ಎಲ್ಲಿದ್ವಿ ಅಂದ್ರ ಖರೆ ಉತ್ತರ ಇದು: ಗಣಪತಿ ಕೂಡಸಾಕತ್ತಿದ್ವಿ. ಆ 11 ಮಂದಿಗೆ ಆಗಸ್ಟಿನಿಂದ ಅಕ್ಟೋಬರ್‌ತನಕ ನಾವು ಒಂದು ಫೋನೂ ಮಾಡಿಲ್ಲ. ವಾಟ್ಸಾಪ್ ಗುಂಪಿನ್ಯಾಗ ಶುಭೋದಯ ಕಳಿಸ್ತಿದ್ವಿ ಅಷ್ಟೇ.

ನಿನ್ನೆ ಆ ಇಬ್ಬರ ಮನಿಗೆ ಹೋಗಿದ್ದೆ. ಸೈಬರ್ ಅಣ್ಣಾರು ಹೇಳಿದ್ದು ಅರ್ಧ ಖರೆ ಆತು. ಬಿಎಸ್ಸಿ ಸೇರಿದ್ದ ಹುಡುಗನ ವಿದ್ಯಾಸಿರಿ ರೊಕ್ಕ ನಿಂತಿದ್ದು ಆಧಾರ್ ಜೋಡಣೆ ಇಲ್ಲದ್ದಕ್ಕ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500ರಂಗ ಹತ್ತು ತಿಂಗಳಿಂದು ಬರಬೇಕಿತ್ತಲ್ಲ, ಅದನ್ನ ನಂಬಿ ರೂಮ್ ಮಾಡಿದ್ದ. ಮೂರು ತಿಂಗಳು ಬಾಡಗಿ ಬಾಕಿ ಬಿತ್ತು, ಮಾಲಕ ಟ್ರಂಕ್ ಹೊರಗಿಟ್ಟ. ಇನ್ನೊಬ್ಬಂದು ರೊಕ್ಕದ ಮಾತೇ ಅಲ್ಲ. ಭಾಳ ಕೇಳಿದ ಮ್ಯಾಲ "ಅಲ್ಲಿ ಯಾರೂ ನಂಗ ಹೆಸರು ಹಿಡದು ಕರೀತಿದ್ದಿಲ್ಲಣ್ಣ" ಅಂದ.

ಆ ನಾಲ್ಕು ಹಾಳಿ ಇನ್ನೂ ಅದಾವೇನು?

ತಾಂಡಾದ ಹುಡುಗಿ

ಈಗ ಅದು 200 ಪುಟದ ನೋಟ್‌ಬುಕ್ ಆಗೇತಿ. ನನ್ನ ಹಿಂದ ಬಂದ ಮೂರು ಹುಡುಗ್ಯಾರು ತಮ್ಮ ತಮ್ಮ ವಿಷಯದ ಮಾತು ಸೇರಿಸ್ಯಾರ. ಬಿಕಾಂ ಓದೋ ಒಬ್ಬಾಕಿ "ಡೆಬಿಟ್"ದ ಎದುರಿಗೆ "ಖರ್ಚು" ಅಂತ ಬರದಿದ್ಲು, ಅದು ತಪ್ಪು ಅಂತ ಆಮ್ಯಾಲ ಗೊತ್ತಾತು, ಈಗ "ಖಾತೆಯ ಎಡಗಡೆ" ಅಂತ ತಿದ್ದೇವಿ. ಫೋಟೋ ತಗದು ಕಳಿಸ್ತೀನಿ. ಅಕ್ಷರ ಚಂದಿಲ್ಲ, ನಗಬ್ಯಾಡ್ರಿ.

ನವನಗರ ಸೆಕ್ಟರ್

ನಾನು ಬಾಗಲಕೋಟೆ ಕಡೆ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುವವನು. ಈ ತಂಗಿ ಹೇಳಿದ್ದನ್ನು ಟೇಬಲ್ಲಿನ ಈ ಕಡೆಯಿಂದ ನೋಡಿದ್ದೇನೆ. ಮೊದಲ ಸೆಮಿಸ್ಟರ್‌ನಲ್ಲಿ ಹಿಂದಿನ ಬೆಂಚಿನ ಹುಡುಗ ಸುಮ್ಮನಿದ್ದರೆ ನಮಗೆ ಎರಡೇ ಅರ್ಥ ಗೊತ್ತು: ಶಾಣ್ಯಾ, ಇಲ್ಲ ಸೋಮಾರಿ. ಮೂರನೆಯದು ತಲೆಗೆ ಹೊಳೆಯುವುದಿಲ್ಲ. ನನ್ನ ತಪ್ಪನ್ನೇ ಹೇಳುತ್ತಿದ್ದೇನೆ.

ಸಂಘದವರು ಒಂದು ದಿನಾಂಕ ಮರೆಯಬೇಡಿರಿ, ಮೊದಲ ಇಂಟರ್ನಲ್ ಟೆಸ್ಟಿನ ದಿನ. ಅದರಲ್ಲಿ ಸೊನ್ನೆ ಬಂದ ಮಗು ಕ್ಲಾಸಿಗೆ ಬರುವುದನ್ನು ನಿಲ್ಲಿಸುತ್ತದೆ. ಹಾಜರಾತಿ ಶೇ 75ಕ್ಕಿಂತ ಕೆಳಗೆ ಇಳಿಯುತ್ತದೆ, ಪರೀಕ್ಷೆಗೆ ಕೂಡಿಸುವುದಿಲ್ಲ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಟೆಸ್ಟ್ ಆದ ವಾರ ಫೋನ್ ಮಾಡಿ "ಎಷ್ಟು ಬಂದ್ವು?" ಎಂದು ಕೇಳಬೇಡಿರಿ. "ಯಾವ ಪ್ರಶ್ನೆ ತಿಳೀಲಿಲ್ಲ?" ಎಂದು ಕೇಳಿರಿ. ಒಂದು ಅಥವಾ ಎರಡು ವಿಷಯ ಉಳಿದರೆ ಮುಂದಿನ ಸಲ ಕಟ್ಟಿ ಪಾಸಾಗಬಹುದು ಎನ್ನುವುದೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಫೇಲ್ ಎಂದ ಕೂಡಲೇ ಟ್ರಂಕ್ ಕಟ್ಟಿಸುತ್ತಾರೆ.

ಗಡಿ ಬೆಳಗಾವಿ

ನಮ್ಮ ಕಡೆ ಇದಕ್ಕ ಒಂದು ಹಳೇ ದಾರಿ ಐತ್ರಿ, ಮಠದ ಪ್ರಸಾದ ನಿಲಯ. ನಮ್ಮ ಕಾಕಾ ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯದಾಗ ಉಂಡು ಓದಿದಾಂವ. ಊಟ ಪುಕ್ಕಟೆ ಸಿಗ್ತಿತ್ತು ಅನ್ನೂದಕ್ಕಿಂತ ಅಂವ ಯಾವಾಗಲೂ ಹೇಳೂದು ಬ್ಯಾರೆ ಮಾತು. ಪಂಕ್ತಿಗೆ ಕುಂತಾಗ ಒಬ್ಬ ಹುಡುಗ ಕಾಣಲಿಲ್ಲಂದ್ರ "ಎಲ್ಲ್ಯದಾನ ಅಂವ?" ಅಂತ ಕೇಳೋರು ಇರ್ತಿದ್ರಂತ. ಮ್ಯಾಲೆ ಹುಡುಗ ಅಂದ ಮಾತು, ಹೆಸರು ಹಿಡದು ಕರೆಯೋರು ಇಲ್ಲ ಅಂತ, ಅದು ಅಲ್ಲಿ ಇರ್ತಿದ್ದಿಲ್ಲ.

ಈಗ ಎಲ್ಲಾರಿಗೂ ಅಂಥಾ ಜಾಗ ಸಿಗಂಗಿಲ್ಲ, ಹುಡುಗ್ಯಾರಿಗಂತೂ ಇನ್ನೂ ಕಡಿಮಿ. ನಾವು ಖಾನಾಪುರ ಕಡೆ ಹುಡುಗರು ಏನು ಮಾಡೇವಂದ್ರ, ಬೆಳಗಾವ್ಯಾಗ ಮೊದಲೇ ಓದಾಕತ್ತಿದ್ದ ಸೀನಿಯರ್ ಒಬ್ಬಗ ಇಬ್ಬರು ಹೊಸ ಮಕ್ಕಳನ್ನ ಕಟ್ಟೀವಿ. ವಾರಕ್ಕೊಮ್ಮೆ ಕೂಡಿ ಚಹಾ ಕುಡೀಬೇಕು, ಇಷ್ಟೇ ನಿಯಮ. ಚಹಾದ ರೊಕ್ಕ ಸಂಘದ್ದು. ಮೊದಲು ವರದಿ ಬರೀರಿ ಅಂತ ಫಾರ್ಮ್ ಮಾಡಿದ್ವಿ, ಒಬ್ಬನೂ ತುಂಬಲಿಲ್ಲ. ಫಾರ್ಮ್ ಹರದು ಒಗದ ಮ್ಯಾಲ ಚಲೋ ನಡದೈತಿ.

ಬಿಸಿಲೂರ ಮಂದಿ

ಚಹಾದ ರೊಕ್ಕ ಸಂಘದ್ದು ಅಂದ್ರಲ್ಲ, ಇದು ಒಪ್ಪಿದೆ. ಇಂಡಿ ರಸ್ತೆಯವರ, ಒಂದು ಲೆಕ್ಕ ಕೊಡ್ರಿ. ಆ ಪುರಸ್ಕಾರದ ದಿನ ಪೆಂಡಾಲು, ಮೈಕು, ಶಾಲು, ಸಜ್ಜಕ, ಬ್ಯಾನರ್ ಕೂಡಿ ಎಷ್ಟಾತು?

ಇಂಡಿ ರಸ್ತೆ

38 ಸಾವಿರ ಚಿಲ್ರಿ. ರಸೀದಿ ಅದಾವ.

ಬಿಸಿಲೂರ ಮಂದಿ

ಆ ಹುಡುಗನ ಬಾಡಗಿ ಬಾಕಿ?

ಇಂಡಿ ರಸ್ತೆ

4,500.

ಗೊತ್ತಾತ್ರಿ. ಹೇಳೂದು ಬ್ಯಾಡ.

ಸೈಬರ್ ಅಂಗಡಿ, ಸಿಂದಗಿ

ಶಾಲು ಪೂರಾ ಬಿಡಬ್ಯಾಡ್ರಿ. ನಮ್ಮ ಅವ್ವ ನನ್ನ ಹತ್ತನೇತ್ತ ಶಾಲು ಇನ್ನೂ ಟ್ರಂಕಿನ್ಯಾಗ ಇಟ್ಟಾಳ. ಮೈಕು, ಮುಖಂಡರು ಬಿಡ್ರಿ.

ನಾ ಒಂದು ಮಾಡ್ತೀನಿ. ಮೇ ತಿಂಗಳ ನಾಲ್ಕೂ ಐತವಾರ ಮಧ್ಯಾಹ್ನದ ಮ್ಯಾಲ ಅಂಗಡಿ ನಿಮ್ಮ ಮಕ್ಕಳಿಗೆ. ಪ್ರಿಂಟಿನ ರೊಕ್ಕ ಅಷ್ಟೇ ಕೊಡ್ರಿ. ಬರುವಾಗ ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್, ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ತರ್ರಿ. ನಾಲ್ಕರಾಗೂ ಹೆಸರು ಒಂದೇ ಐತೇನು ಅಂತ ಅಕ್ಷರ ಅಕ್ಷರ ನೋಡೂಣು. ಹತ್ತನೇತ್ತ, ಪಿಯುಸಿ ಎರಡೂ ಸರಕಾರಿ ಸಾಲ್ಯಾಗ ಓದಿದ ಹುಡುಗ್ಯಾರು ಇದ್ರ ಬ್ಯಾರೆ ಪಟ್ಟಿ ಮಾಡ್ರಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸ್ಕಾಲರ್‌ಶಿಪ್ ವರ್ಷಕ್ಕ 30,000 ಐತಿ, ಮೊದಲನೇ ವರ್ಷದಾಗೇ ಹಾಕಬೇಕು. ಎರಡನೇ ವರ್ಷದಾಗ ಬಂದು ಕೇಳಿದವ್ರು ನನ್ನ ಅಂಗಡ್ಯಾಗೇ ಮೂರು ಮಂದಿ ಅದಾರ.

ಜ್ವಾಳದ ಹೊಲ

ಎಲ್ಲಾರಿಗೂ ಶರಣು. ನಾ ಬರೇ ಓದಾಂವ, ಬರಿಯಾಂವ ಅಲ್ಲ. ನನ್ನ ಮಗ ಟೈಪ್ ಮಾಡಿ ಕೊಡಾಕತ್ತಾನ. ನನ್ನ ಮಗಳು ಏಳನೇತ್ತ ಅದಾಳ, ಲೆಕ್ಕದಾಗ ಭಾಳ ಶಾಣ್ಯಾ. ಎಂಟನೇತ್ತಕ್ಕ ಇಂಡಿ ಪ್ಯಾಟಿಗೆ ಕಾನ್ವೆಂಟ್ ಸಾಲಿಗೆ ಹಾಕಬೇಕಂತ ರೊಕ್ಕ ಕೂಡಿಸೇನಿ. ಮಾಸ್ತರು ಮ್ಯಾಲೆ ಬರದದ್ದು ಓದಿ ಹೆದರಿಕಿ ಬಂತು. ಹಾಕಿದ್ರ ಆ ಶೇ 15 ಹೋಗ್ತೈತೇನ್ರಿ?

ರಿಟೈರ್ ಹೆಡ್‌ಮಾಸ್ತರ

ಹೋಗುತ್ತದೆ ಯಜಮಾನರೇ. ಇಂಗ್ಲಿಷ್ ಮಾಧ್ಯಮ ಆದರೆ ಕನ್ನಡದ್ದೂ ಹೋಗುತ್ತದೆ. ಊರಲ್ಲೇ ಹೈಸ್ಕೂಲ್ ಇದ್ದರೆ ಅಲ್ಲೇ ಬಿಡಿರಿ, ಹತ್ತು ಮುಗಿಯಲಿ.

ಜ್ವಾಳದ ಹೊಲ

ಹೈಸ್ಕೂಲ್ ಐತ್ರಿ. ಲೆಕ್ಕದ ಮಾಸ್ತರ ಇಲ್ಲ, ಎರಡು ವರ್ಷಾತು.

ನವನಗರ ಸೆಕ್ಟರ್

ಹಾಗಿದ್ದರೆ ನಾನು ಮಾಸ್ತರ ಮಾತು ಪೂರ್ತಿ ಒಪ್ಪುವುದಿಲ್ಲ. ಮೀಸಲಾತಿ ಉಳಿಸಿಕೊಂಡು ಲೆಕ್ಕ ಕಳೆದುಕೊಂಡರೆ ಸಿಇಟಿಯಲ್ಲಿ ರ‍್ಯಾಂಕ್ ಎಲ್ಲಿಂದ ಬರಬೇಕು?

ರಿಟೈರ್ ಹೆಡ್‌ಮಾಸ್ತರ

ಅದೂ ಖರೆ. ಊರು ಯಾವುದು ಯಜಮಾನರೇ? ಇಂಡಿಯಿಂದ ಎಷ್ಟು ದೂರ?

ಜ್ವಾಳದ ಹೊಲ

ಹನ್ನೆರಡು ಕಿಲೋಮೀಟರ್. ಮುಂಜಾನಿ ಎಂಟಕ್ಕ ಒಂದು ಬಸ್, ಸಂಜಿ ಐದಕ್ಕ ಒಂದು.

ರಿಟೈರ್ ಹೆಡ್‌ಮಾಸ್ತರ

ವಾರಕ್ಕೆ ಎರಡು ದಿನ ನಾನು ಬರುತ್ತೇನೆ. ಮಂಗಳವಾರ, ಶುಕ್ರವಾರ. ಸಂಜೆ ಐದರ ಬಸ್ಸಿಗೆ ಬಂದರೆ ರಾತ್ರಿ ಹೊಳ್ಳಿ ಹೋಗುವುದಕ್ಕೆ ಬಸ್ ಇಲ್ಲವಲ್ಲ?

ಇಂಡಿ ರಸ್ತೆ

ಸರ, ನನ್ನ ಬೈಕ್ ಐತಿ. ನಾ ಬಿಟ್ಟು ಬರ್ತೀನಿ.